ಕೊಳೆರೋಗದ ಶಿಲೀಂಧ್ರ: ಅದರ ಗುರುತು ಮತ್ತು ನಾಮಕರಣದ ಚರಿತ್ರೆ

ಹಿಂದಿನ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿದ್ದ ತರೀಕೆರೆಯ ಸೀಮೆಯು ಮಲೆನಾಡೂ ಬಯಲುನಾಡೂ ಸಂಧಿಸುವ ಸ್ಥಳವಾಗಿದೆ. ದಕ್ಷಿಣದಲ್ಲಿ ಬಾಬಾಬುಡನ್ ಗಿರಿಶ್ರೇಣಿಯು ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ, ಸಂತವೇರಿಗಳ ಕಡೆ ಗೋಡೆಯಂತೆ ಎದ್ದು ನಿಂತಿದೆ. ಪಶ್ಚಿಮದಲ್ಲಿ ಭದ್ರಾನದಿಯ ಕಣಿವೆಯೂ ಲಕ್ಕವಳ್ಳಿಯ ಕಾಡುಗಳೂ ಇವೆ. ಪೂರ್ವಕ್ಕೆ ಅಜ್ಜಂಪುರದ ಕಡೆ ಹೋದಂತೆಲ್ಲ ಮಳೆ ಕಡಮೆಯಾಗಿ ಬಯಲು ಹೊಲಗಳು ತೊಡಗುತ್ತವೆ. ಗಿರಿಯ ಮಗ್ಗುಲಲ್ಲಿ ಕಾಡುಮರಗಳ ನೆರಳಿನಡಿ ಕಾಫಿಯೂ, ಕೆಳಗಿನ ತಗ್ಗುಗಳಲ್ಲಿ ಅಡಕೆಯೂ ಬೆಳೆಯುತ್ತವೆ. ಈ ಎರಡು ಬೆಳೆಗಳಿಗೂ ಮುಂಗಾರಿನಲ್ಲಿ ತಗಲುವ ಒಂದೊಂದು ವ್ಯಾಧಿಯುಂಟು. ಎರಡಕ್ಕೂ ಮಲೆನಾಡಿನ ಜನ ಹೇಳುವ ಹೆಸರು ಒಂದೇ: ಕೊಳೆರೋಗ. ಈ ಹೆಸರು ೧೮೭೬ರಲ್ಲಿ ಲಂಡನ್ನಿನ ಒಂದು ಶಾಸ್ತ್ರಪತ್ರಿಕೆಯಲ್ಲಿ ಲ್ಯಾಟಿನ್ ನಾಮವಾಗಿ ಮುದ್ರಿತವಾಯಿತು. ೧೯೫೮ರಲ್ಲಿ ಒಂದು ಕುಲಕ್ಕೇ ಹೆಸರಾಯಿತು. ರೈತರ ಬಾಯಿಯ ಮಾತೊಂದು ಸಸ್ಯಶಾಸ್ತ್ರದ ಪಟ್ಟಿಗೆ ಏರಿದ ಈ ವೃತ್ತಾಂತವು ಕುತೂಹಲಕರವಾದುದು ಮಾತ್ರವಲ್ಲ. ಒಂದು ಜೀವಿಯನ್ನು ಗುರುತಿಸುವುದೆಂದರೇನು, ಅದಕ್ಕೆ ಹೆಸರಿಡುವುದೆಂದರೇನು ಎಂಬ ಎರಡು ಬೇರೆ ಬೇರೆ ಪ್ರಶ್ನೆಗಳು ಇದರಲ್ಲಿ ಹೆಣೆದುಕೊಂಡಿವೆ.

ಮೊದಲು ಕಾಫಿಯ ಕೊಳೆಯನ್ನು ನೋಡತಕ್ಕದ್ದು. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಮಳೆ ಬಿಡದೆ ಹಿಡಿದು, ಮಂಜು ಕವಿದು, ತೋಟದೊಳಗೆ ಗಾಳಿಯಾಡದಿರುವಾಗ ದಟ್ಟ ನೆರಳಿನ ಗಿಡಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಎಲೆ ಕಪ್ಪಾಗಿ ಕೊಳೆಯುತ್ತದೆ. ತೊಟ್ಟು ರೆಂಬೆಯಿಂದ ಕಳಚಿಕೊಳ್ಳುತ್ತದೆ. ಆದರೂ ಎಲೆ ನೆಲಕ್ಕೆ ಬೀಳುವುದಿಲ್ಲ. ಅಂಟಾದ ಒಂದು ಎಳೆಯನ್ನು ಹಿಡಿದು ರೆಂಬೆಯಿಂದ ತೂಗಾಡುತ್ತಿರುತ್ತದೆ. ಈ ಒಂದು ಲಕ್ಷಣದಿಂದಲೇ ತೋಟದ ಆಳು ದೂರದಿಂದ ರೋಗವನ್ನು ಗುರುತಿಸುವನು. ಎಲೆಯ ಬೆನ್ನನ್ನು ತಿರುಗಿಸಿ ನೋಡಿದರೆ ಬೂದುಬಿಳುಪಿನ ತೆಳುವಾದ ಪೊರೆಯೊಂದು ಹರಡಿಕೊಂಡಿರುವುದು. ಆ ಪೊರೆಯೇ ಶಿಲೀಂಧ್ರ. ಅದು ರೆಂಬೆಯ ಮೇಲೆ ದಾರದಂತೆ ಹರಿದು ಒಂದೆಲೆಯಿಂದ ಮತ್ತೊಂದೆಲೆಗೂ, ಎಳೆಗಾಯಿಯ ಗೊಂಚಲಿಗೂ ತಲಪುತ್ತದೆ. ಇದಕ್ಕೆ ಅಣಬೆಯಂತೆ ಕೊಡೆಯಾಗಲಿ ಕಾಂಡವಾಗಲಿ ಇಲ್ಲ. ಹಾಗಿದ್ದರೂ ಇದು ಅಣಬೆಯ ಬಳಗದ್ದೇ. ಅಣಬೆಯ ಕೊಡೆಯ ಕೆಳಗಿನ ಪದರಗಳ ಮೇಲೆ ಹೇಗೆ ಪುಟ್ಟ ಗದೆಯಾಕಾರದ ಕಣಗಳು ತುದಿಯಲ್ಲಿ ನಾಲ್ಕು ಮೊನೆಗಳನ್ನು ಚಾಚಿ ಒಂದೊಂದರಲ್ಲಿ ಒಂದೊಂದು ಬೀಜಾಣುವನ್ನು ಹೊರುತ್ತವೆಯೋ, ಹಾಗೆಯೇ ಈ ಪೊರೆಯ ಮೇಲೂ ಹೊರುತ್ತವೆ. ಇಂದಿನ ವರ್ಗೀಕರಣದಲ್ಲಿ ಇದು ಯೂರೋಪಿನವರು ಪ್ರೀತಿಯಿಂದ ತಿನ್ನುವ ಷಾಂಟೆರೆಲ್ ಎಂಬ ಹಳದಿ ಅಣಬೆಯ ಗಣಕ್ಕೇ ಸೇರಿದೆ.

ಬಾಬಾಬುಡನ್ ಯೆಮನ್ನಿನಿಂದ ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದನೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಆದರೆ ದೊಡ್ಡ ಪ್ರಮಾಣದ ತೋಟಗಳು ಎದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅವುಗಳೊಡನೆ ಪಿಡುಗುಗಳೂ ಎದ್ದವು. ಒಂದೇ ಜಾತಿಯ ಗಿಡವನ್ನು ಮೈಲಿಗಟ್ಟಲೆ ಒತ್ತೊತ್ತಾಗಿ ನೆಟ್ಟಲ್ಲಿ ಇದು ಆಗದೆ ಇರದು. ೧೮೬೦ರ ದಶಕದಲ್ಲಿ ಕಾಂಡಕೊರಕ ಹುಳುವು ಮೈಸೂರು ಕೊಡಗುಗಳ ತೋಟಗಳನ್ನು ಹಾಳುಮಾಡಿತು. ಮದರಾಸು ಸರಕಾರಕ್ಕಾಗಿ ಜಾರ್ಜ್ ಬಿಡಿ ಎಂಬ ವೈದ್ಯಾಧಿಕಾರಿ ಅದರ ಬಗ್ಗೆ ವಿಚಾರಣೆ ನಡೆಸಿ ಬರೆದ ವರದಿಯು ೧೮೬೯ರಲ್ಲಿ ಹೊರಬಿತ್ತು. ಅದೇ ವರ್ಷ ಸಿಂಹಳದ ಕಾಫಿಯ ಎಲೆಗಳ ಮೇಲಿನ ಕಿತ್ತಲೆ ಬಣ್ಣದ ತುಕ್ಕನ್ನು ಬರ್ಕ್ಲಿ ಮತ್ತು ಬ್ರೂಮ್ ಎಂಬ ಆಂಗ್ಲ ವಿದ್ವಾಂಸರು ಹೆಮಿಲಿಯ ವ್ಯಾಸ್ಟಾಟ್ರಿಕ್ಸ್ ಎಂದು ಹೆಸರಿಸಿದರು. ಆ ತುಕ್ಕು ಬಹು ಬೇಗ ದಕ್ಷಿಣ ಹಿಂದೂಸ್ಥಾನಕ್ಕೂ ಹಬ್ಬಿತು. ಕಾಯಿಲೆಯ ಎಲೆಗಳನ್ನು ಕಾಗದದ ನಡುವೆ ಒಣಗಿಸಿ ಇಂಗ್ಲೆಂಡಿಗೆ ಕಳುಹಿಸಿ ಅದೇನೆಂದು ಕೇಳುವ ಪದ್ಧತಿ ಈ ಕಾಲದ್ದು. ಮೈಸೂರಿನ ತೋಟಗಳ ಕಪ್ಪಾದ ಎಲೆಗಳೂ ಹಾಗೆಯೇ ಸಮುದ್ರ ದಾಟಿದವು.

ಅವುಗಳನ್ನು ಪರೀಕ್ಷಿಸಿದವನು ಮಾರ್ಡಕಾಯ್ ಕ್ಯೂಬಿಟ್ ಕುಕ್ (೧೮೨೫–೧೯೧೪). ನಾರ್ಫಕ್ ಸೀಮೆಯ ಹಳ್ಳಿಯ ಅಂಗಡಿಕಾರನ ಮಗನಾದ ಈತನು ತನ್ನ ಪರಿಶ್ರಮದಿಂದಲೇ ಶಿಲೀಂಧ್ರಶಾಸ್ತ್ರವನ್ನು ಕಲಿತು, ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನಲ್ಲಿ ಕೆಲಸಮಾಡುತ್ತ, ೧೮೭೨ರಿಂದ ಗ್ರೆವಿಲಿಯ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದನು. ಹಿಂದೂಸ್ಥಾನದಿಂದ ಬಂದ ಶಿಲೀಂಧ್ರಗಳನ್ನು ವರ್ಣಿಸುತ್ತ ೧೮೭೬ರಲ್ಲಿ ಆ ಪತ್ರಿಕೆಯಲ್ಲಿಯೇ ಈ ಕಾಫಿಯ ಪೊರೆಗೆ ಪೆಲ್ಲಿಕ್ಯುಲೇರಿಯ ಕೊಲೆರೋಗ ಎಂದು ಹೆಸರಿಟ್ಟನು. ಪೆಲ್ಲಿಕ್ಯುಲ ಎಂದರೆ ಲ್ಯಾಟಿನ್ನಿನಲ್ಲಿ ತೆಳುವಾದ ಪೊರೆ. ಕುಲದ ಹೆಸರನ್ನು ಅದರಿಂದ ಹೊಸದಾಗಿ ಕಟ್ಟಿದನು. ಪ್ರಭೇದದ ಹೆಸರನ್ನು ಮಾತ್ರ ಮೈಸೂರಿನವರಿಂದ ಎತ್ತಿಕೊಂಡನು. ಹೊಸ ಪ್ರಭೇದಗಳಿಗೆ ಕಳುಹಿಸಿಕೊಟ್ಟ ದೊರೆಗಳ ಹೆಸರನ್ನೋ ಮಿತ್ರರ ಹೆಸರನ್ನೋ ಅಂಟಿಸುವುದು ಆ ಕಾಲದ ರೂಢಿಯಾಗಿದ್ದಾಗ ಈ ಆಯ್ಕೆ ಗಮನಾರ್ಹವಾದುದು. ರೋಗಕ್ಕೆ ಹೆಸರಿಟ್ಟವರು ಯಾರೋ, ಅವರ ಮಾತೇ ಅದರ ಹೆಸರಾಗಿ ನಿಂತಿತು. ಲ್ಯಾಟಿನ್ ಲಿಪಿಯಲ್ಲಿ ಳಕಾರವಿಲ್ಲವಾದ್ದರಿಂದ, ಆ ಹೆಸರನ್ನು ತಿರುಗಿ ಕನ್ನಡಕ್ಕೆ ತಂದಾಗ ಕೊಳೆಯುವ ರೋಗವು ಕೊಲ್ಲುವ ರೋಗವಾಗಿಬಿಡುವುದು ಬೇರೆ ಮಾತು. ಫಸಲನ್ನು ಕಳೆದುಕೊಂಡ ಬೆಳೆಗಾರನಿಗೆ ಎರಡೂ ಒಪ್ಪೀತು.

ಹೆಸರು ಸರಿಯಾಯಿತು, ಗುರುತು ಸರಿಯಾಗಲಿಲ್ಲ. ಕುಕ್ಕನ ವರ್ಣನೆಯಲ್ಲಿ ಈ ಶಿಲೀಂಧ್ರದ ತಂತುಗಳು ಒಂದರೊಡನೊಂದು ಹೆಣೆದು ಅಂಟಂಟಾದ ಪೊರೆಯಾಗುವುದು ಸರಿಯಾಗಿಯೇ ಇದೆ. ಆದರೆ ಆ ತಂತುಗಳ ನಡುವೆ ಅವನು ಗುಂಡಾದ, ಮೈಯೆಲ್ಲ ಮುಳ್ಳುಮುಳ್ಳಾದ ಬೀಜಾಣುಗಳನ್ನು ಕಂಡು, ಅವು ಇದರವೇ ಎಂದು ಬರೆದನು. ನಿಜವಾಗಿ ಇದರ ಬೀಜಾಣುಗಳು ಉದ್ದನಾಗಿ, ನುಣುಪಾಗಿ, ಬಣ್ಣವಿಲ್ಲದೆ ಇರುತ್ತವೆ. ಕುಕ್ಕನು ಕಂಡವು ಅದೇ ಎಲೆಯ ಮೇಲೆ ಬಂದು ಕೂತ ಬೇರೊಂದು ಬೂಷ್ಟಿನವು. ಇದಕ್ಕಾಗಿ ಅವನನ್ನು ಬಹಳವಾಗಿ ದೂಷಿಸುವುದು ನ್ಯಾಯವಲ್ಲ. ಬೀಜಾಣುಗಳನ್ನು ಹೊರುವ ಕಣಗಳ ಗೋಡೆ ಬಹು ತೆಳು. ಮಳೆಯಲ್ಲಿ ನೆನೆದ ಹಸಿ ಎಲೆಯ ಮೇಲೆ ಅವು ನಿಮಿರಿ ನಿಂತಿರುತ್ತವೆ, ಒಣಗಿದೊಡನೆ ಕುಸಿದು ಗುರುತಿಗೆ ಸಿಕ್ಕದೆ ಹೋಗುತ್ತವೆ. ತಿಂಗಳುಗಟ್ಟಲೆ ಹಡಗಿನಲ್ಲಿ ಪ್ರಯಾಣಮಾಡಿದ ಎಲೆಯಲ್ಲಿ ಉಳಿಯುವುದು ಗಟ್ಟಿಯಾದುದೇ ಹೊರತು ಮುಖ್ಯವಾದುದಲ್ಲ. ಕೊಳೆಯುವ ಕಾಲದಲ್ಲಿ ತೋಟದಲ್ಲಿಯೇ ನಿಂತು ನೋಡದೆ ಈ ಜೀವಿಯನ್ನು ಪೂರ್ತಿಯಾಗಿ ಅರಿಯಲಾಗದೆಂಬುದು ಮುಂದೆ ಸ್ಪಷ್ಟವಾಯಿತು.

ತಪ್ಪಿನ ಪರಿಣಾಮವೇನೆಂದರೆ, ಕೊಡೆಯಣಬೆಗಳ ಬಂಧುವಾದ ಈ ಶಿಲೀಂಧ್ರವು ಹಲವು ವರ್ಷ ಸಾಧಾರಣ ಬೂಷ್ಟುಗಳ ಗುಂಪಿನಲ್ಲಿ ಎಣಿಕೆಯಾಯಿತು. ವಿಯೆನ್ನಾ ನಗರದ ಫ್ರಾಂಟ್ಸ್ ಫಾನ್ ಹ್ಯೋನೆಲ್ ೧೯೧೦ರಲ್ಲಿ ಇದನ್ನು ಅಲ್ಲಿಂದ ಎತ್ತಿ ಕಾರ್ಟಿಸಿಯಂ ಕುಲಕ್ಕೆ ತಂದನು. ಮರದ ತೊಗಟೆಯ ಮೇಲೆ ಬಣ್ಣ ಬಳಿದಂತೆ ಹರಡುವ ಶಿಲೀಂಧ್ರಗಳ ಕುಲವದು. ೧೯೧೮ರಲ್ಲಿ ಅಮೆರಿಕೆಯ ಬರ್ಟ್ ಎಂಬಾತನು ಇದನ್ನೂ ಇದರ ಹತ್ತಿರದ ಸಂಬಂಧಿಗಳನ್ನೂ ಒಟ್ಟಿಗೆ ಪರಿಶೀಲಿಸಿ ಅದೇ ಸ್ಥಾನವನ್ನು ಸಮರ್ಥಿಸಿದನು. ಅಷ್ಟುಹೊತ್ತಿಗೆ ದಕ್ಷಿಣ ಅಮೆರಿಕೆಯ ಕಾಫಿ ತೋಟಗಳಲ್ಲಿಯೂ ಎಲೆಗಳು ದಾರದಿಂದ ತೂಗಾಡುವ ವ್ಯಾಧಿ ಗಮನಕ್ಕೆ ಬಂದಿತ್ತು. ವೆನಿಜ್ವೇಲದವರು ತಮ್ಮ ಭಾಷೆಯಲ್ಲಿ ಅದನ್ನು ಕಾಂಡೆಲಿಲ್ಲೊ ಎಂದು ಕರೆಯುತ್ತಿದ್ದರೂ ಶಾಸ್ತ್ರಗ್ರಂಥಗಳಲ್ಲಿ ಅದು ಕೊಲೆರೋಗವಾಗಿಯೇ ದಾಖಲಾಯಿತು.

ಇನ್ನು ಅಡಕೆಯ ವಿಷಯ. ಅಡಕೆಯ ಕೊಳೆಯು ಮಲೆನಾಡಿಗೆ ಕಾಫಿಯ ಕೊಳೆಗಿಂತ ಎಷ್ಟೋ ದೊಡ್ಡ ಸಂಕಟ. ಕಾಫಿಯ ರೋಗವು ಒಂದಿಷ್ಟು ರೆಂಬೆಗಳನ್ನು ಬರಿದುಮಾಡಿದರೆ ಅಡಕೆಯ ರೋಗವು ವರ್ಷದ ಫಸಲನ್ನೇ ಒಂದೆರಡು ವಾರಗಳಲ್ಲಿ ನೆಲಕ್ಕೆ ಉದುರಿಸಬಲ್ಲದು. ಎಳೆಯ ಅಡಕೆಯ ತೊಟ್ಟಿನ ಬಳಿ ನೀರು ನೆನೆದಂತೆ ಕಲೆಯಾಗಿ, ಕಾಯಿ ತನ್ನ ಹಸುರು ಹೊಳಪನ್ನು ಕಳೆದುಕೊಂಡು ಕಳಚಿ ಬೀಳುತ್ತದೆ; ಬಿದ್ದ ಕಾಯಿಯ ಸುತ್ತ ಬಿಳಿಯ ಬೂಷ್ಟು ಹತ್ತಿಯಂತೆ ಸುತ್ತಿಕೊಳ್ಳುತ್ತದೆ. ಒಮ್ಮೊಮ್ಮೆ ರೋಗವು ಸುಳಿಗೆ ಇಳಿದು ಮರವನ್ನೇ ಸಾಯಿಸುತ್ತದೆ. ಹಳಬರಿಗೆ ಇದರ ಕಾರಣ ತಿಳಿಯದಿದ್ದರೂ ಇದರ ನಡತೆ ಚೆನ್ನಾಗಿ ತಿಳಿದಿತ್ತು. ಮಳೆನೀರು ಕೊನೆಯ ಮೇಲೆ ಬೀಳದಿದ್ದರೆ ಕೊಳೆ ಹತ್ತುವುದಿಲ್ಲವೆಂದು ಕಂಡುಕೊಂಡು, ಮುಂಗಾರಿಗೆ ಮೊದಲೇ ಕೊನೆಗಾರರನ್ನು ಮರ ಹತ್ತಿಸಿ ಅಡಕೆಯ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಮಾಡಿದ ಕೊಟ್ಟೆಯನ್ನು ಒಂದೊಂದು ಕೊನೆಗೂ ಕಟ್ಟಿಸುತ್ತಿದ್ದರು. ಇದು ಶ್ರಮದ ಕೆಲಸ, ಖರ್ಚಿನ ಕೆಲಸ, ಅಪಾಯದ ಕೆಲಸ. ಆದರೂ ಇದರ ಹಿಂದಿನ ತರ್ಕ ನಿರ್ದುಷ್ಟವಾದುದು. ಸೂಕ್ಷ್ಮದರ್ಶಕವು ಅನಂತರ ತೋರಿಸಿಕೊಟ್ಟದ್ದೂ ಇದನ್ನೇ.

ಸೂಕ್ಷ್ಮದರ್ಶಕವನ್ನು ಹಿಡಿದು ಬಂದವನು ಲೆಸ್ಲಿ ಕೋಲ್ಮನ್. ಕೆನಡಾ ದೇಶದವನಾದ ಈತನು ಜರ್ಮನಿಯ ಗಟ್ಟಿಂಗನ್ನಿನಲ್ಲಿ ಓದು ಮುಗಿಸಿ, ೧೯೦೮ರಲ್ಲಿ ಮೈಸೂರು ಸರಕಾರದ ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞನಾಗಿ ನೇಮಕಗೊಂಡು, ಮುಂದೆ ಕೃಷಿ ಇಲಾಖೆಯ ಮುಖ್ಯಾಧಿಕಾರಿಯಾದನು. ಅವನ ಮೊದಲ ದೊಡ್ಡ ಕೆಲಸವೇ ಅಡಕೆಯ ಕೊಳೆರೋಗ. ಕುಕ್ಕನಿಗೂ ಇವನಿಗೂ ಇದ್ದ ವ್ಯತ್ಯಾಸವು ಬುದ್ಧಿಯದಲ್ಲ, ನಿಂತ ಸ್ಥಳದ್ದು. ಕೋಲ್ಮನ್ನನಿಗೆ ರೋಗದ ಕಾಯಿ ಹಸಿಯಾಗಿಯೇ ದೊರೆಯುತ್ತಿತ್ತು. ಅದನ್ನು ಬೆಳೆಯಿಸಿ ನೋಡಬಹುದಾಗಿತ್ತು, ಆರೋಗ್ಯವಾದ ಕಾಯಿಗೆ ಅಂಟಿಸಿ ಫಲವನ್ನು ಪರೀಕ್ಷಿಸಬಹುದಾಗಿತ್ತು. ರೋಗಕಾರಿಯು ನಿಂಬೆಯಾಕಾರದ ಚೀಲಗಳನ್ನು ಬಿಡುತ್ತದೆ; ಆ ಚೀಲ ನೀರಿನಲ್ಲಿ ಒಡೆದು ಒಳಗಿನಿಂದ ಬಾಲವುಳ್ಳ ಕಣಗಳು ಹೊರಟು ಈಜುತ್ತ ಹೋಗಿ ಕಾಯಿಯನ್ನು ಮುಟ್ಟುತ್ತವೆ. ಈಜಲು ನೀರು ಬೇಕಷ್ಟೆ. ಕೊಟ್ಟೆಯ ಗುಟ್ಟು ಇಲ್ಲಿದೆ. ೧೯೧೦ರಲ್ಲಿ ಹೊರಬಂದ ತನ್ನ ವರದಿಯಲ್ಲಿ ಕೋಲ್ಮನ್ ಈ ಜೀವಿಯನ್ನು ಫೈಟಾಫ್ತೊರ ಆಮ್ನಿವೊರ ಎಂಬುದರ ಅರೆಕೆ ಎಂಬ ಬಗೆಯೆಂದು ವರ್ಣಿಸಿದನು. ಅಡಕೆ ಎಂಬ ಮಾತಿನ ಬಳಗಕ್ಕೆ ಸೇರಿದ ಪದವೊಂದು ಪೋರ್ಚುಗೀಸರ ಮೂಲಕ ಮರದ ಲ್ಯಾಟಿನ್ ಹೆಸರಾಗಿ, ಆ ಮರದಿಂದ ಈ ಬಗೆಗೆ ದಾಟಿದ್ದು ಇಲ್ಲಿ ಪ್ರಾಸಂಗಿಕವಾಗಿ ನೆನೆಯತಕ್ಕದ್ದು. ೧೯೧೩ರಲ್ಲಿ ಐರ್ಲೆಂಡಿನ ಪೆತಿಬ್ರಿಜ್ ಆಲೂಗೆಡ್ಡೆಯ ಕೊಳೆಯ ಬಗ್ಗೆ ಬರೆಯುತ್ತ ಮಲೆನಾಡಿನ ಈ ಬಗೆಯನ್ನು ಸ್ವತಂತ್ರ ಪ್ರಭೇದವಾಗಿ ಎತ್ತರಿಸಿ ಫೈಟಾಫ್ತೊರ ಅರೆಕೆ ಎಂದನು. ಈ ಕುಲದಲ್ಲಿ ಎರಡು ಭಿನ್ನ ತಳಿಗಳು ಕೂಡಿದರೆ ಮಾತ್ರ ಲೈಂಗಿಕ ಬೀಜಾಣು ಹುಟ್ಟುವ ಉದಾಹರಣೆಗಳನ್ನು ೧೯೩೦ರಲ್ಲಿ ಪ್ರಕಟಿಸಿದ ಎಂ. ಜೆ. ನರಸಿಂಹನ್ ಅವರೂ ಮೈಸೂರಿನವರೇ.

ಫೈಟಾಫ್ತೊರ ಎಂಬ ಕುಲನಾಮವನ್ನು ಜರ್ಮನ್ ವಿದ್ವಾಂಸ ಡಿ ಬಾರಿ ಆಲೂಗೆಡ್ಡೆಯ ಅಂಗಮಾರಿಗಾಗಿ ನಿರ್ಮಿಸಿದ್ದು ೧೮೭೬ರಲ್ಲಿ, ಎಂದರೆ ಕುಕ್ಕನು ಕಾಫಿಯ ಕೊಳೆಗೆ ಹೆಸರಿಟ್ಟ ವರ್ಷದಲ್ಲಿಯೇ. ಹ್ಯೋನೆಲನು ಕಾಫಿಯ ಶಿಲೀಂಧ್ರದ ನೆಲೆಯನ್ನು ಸರಿಪಡಿಸಿದ ವರ್ಷವೂ ಕೋಲ್ಮನ್ನನ ವರದಿ ಹೊರಬಿದ್ದ ವರ್ಷವೂ ಒಂದೇ, ೧೯೧೦. ಎರಡೂ ಕೇವಲ ಆಕಸ್ಮಿಕಗಳು. ಆದರೆ ಈ ಆಕಸ್ಮಿಕಗಳಿಂದ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ೧೯೧೦ರ ಹೊತ್ತಿಗೆ, ಮಲೆನಾಡಿನವರು ಒಂದೇ ಹೆಸರಿನಿಂದ ಕರೆಯುತ್ತಿದ್ದ ಎರಡು ವ್ಯಾಧಿಗಳು ಬೇರೆ ಬೇರೆ ಜೀವಿಗಳಿಂದ ಉಂಟಾದವೆಂಬುದು ನಿರ್ವಿವಾದವಾಗಿತ್ತು. ಇಂದು ಆ ಅಂತರವು ಇನ್ನೂ ಹಿಗ್ಗಿದೆ. ಕಾಫಿಯದು ಅಣಬೆಯ ಬಂಧು. ಅಡಕೆಯದು ಈಚಿನ ವರ್ಗೀಕರಣದಂತೆ ಶಿಲೀಂಧ್ರವೇ ಅಲ್ಲ. ಅದರ ಕಣದ ಗೋಡೆಯಲ್ಲಿ ಸೆಲ್ಯುಲೋಸ್ ಇದೆ, ಅದರ ಬಂಧುತ್ವ ಕಡಲಿನ ಕಂದು ಪಾಚಿಗಳೊಡನೆ.

ಹಾಗಾದರೆ ಜನರು ಎರಡನ್ನೂ ಒಂದೇ ಎಂದು ತಿಳಿದು ತಪ್ಪಿದರೇ? ಹಾಗೆ ಹೇಳಲಾಗದು. ಕೊಳೆ ಎಂಬುದು ಕನ್ನಡದಲ್ಲಿ ಜೀವಿಯ ಹೆಸರಲ್ಲ, ಅವಸ್ಥೆಯ ಹೆಸರು. ಮಳೆಗಾಲದಲ್ಲಿ ಹಸಿಯಾದದ್ದು ನೀರುಂಡು ಮೆತ್ತಗಾಗಿ ಕಪ್ಪಾಗುವುದೇ ಕೊಳೆ. ಯಾವ ಬೆಳೆಯ ಕೊಳೆ ಎಂಬುದನ್ನು ಬೆಳೆಯ ಹೆಸರೇ ಹೇಳುತ್ತದೆ. ತೋಟದವನ ವ್ಯವಹಾರದಲ್ಲಿ ಈ ಮಾತಿನಿಂದ ಗೊಂದಲ ಹುಟ್ಟಲಿಲ್ಲ. ಅವಸ್ಥಾವಾಚಕವನ್ನು ಜೀವವಾಚಕವೆಂದು ತೆಗೆದುಕೊಂಡದ್ದು ಲಂಡನ್ನಿನಲ್ಲಿ. ಅದರಿಂದ ಅಡಕೆಯ ಕೊಳೆಯು ಲ್ಯಾಟಿನ್ನಿನ ಕೊಲೆರೋಗವಾಗದೆ, ಅದಕ್ಕಿಂತ ಚಿಕ್ಕದಾದ ಕಾಫಿಯ ಕೊಳೆ ಆ ಹೆಸರನ್ನು ಗಿಟ್ಟಿಸಿಕೊಂಡಿತು.

ಔಷಧದ ದೃಷ್ಟಿಯಿಂದ ನೋಡಿದರೆ ಈ ಭೇದವು ಬಹುಕಾಲ ಯಾರನ್ನೂ ಬಾಧಿಸಲಿಲ್ಲ. ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ ೧೮೮೫ರಲ್ಲಿ ಮಿಲಾರ್ಡೆ ಪ್ರಚುರಪಡಿಸಿದ ಬೋರ್ಡೋ ದ್ರಾವಣವನ್ನು ಕೋಲ್ಮನ್ ಅಡಕೆಯ ಕೊನೆಗಳಿಗೆ ಹೊಡೆಯಿಸಿ ಕೊಟ್ಟೆಗೆ ಬದಲಾದ ಉಪಾಯವನ್ನು ಒದಗಿಸಿದನು. ಮೈಲುತುತ್ತ ಒಂದು ಪಾಲು, ಸುಣ್ಣ ಒಂದು ಪಾಲು, ನೀರು ನೂರು ಪಾಲು. ಹೊಳೆಯುವ ಚಾಕುವನ್ನು ಅದ್ದಿದಾಗ ಅಲಗಿನ ಮೇಲೆ ತಾಮ್ರ ಕೂರಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ ಹೊಡೆಯುವ ಪದ್ಧತಿ ಮಲೆನಾಡಿನಲ್ಲೆಲ್ಲ ನೆಲೆಯೂರಿತು. ಕಾಫಿಯ ಕೊಳೆಗೂ ಇದೇ ದ್ರಾವಣ. ಎಲೆಯ ಬೆನ್ನು ನೆನೆಯುವಂತೆ ಹೊಡೆಯಬೇಕು, ನೆರಳನ್ನು ಸವರಿ ಗಿಡದ ನಡುವನ್ನು ಬಿಡಿಸಿ ಗಾಳಿಗೆ ದಾರಿ ಮಾಡಬೇಕು ಎಂಬಷ್ಟೇ ಹೆಚ್ಚಿಗೆ. ತಾಮ್ರವು ಬೀಜಾಣುವಿನ ಕುಲಗೋತ್ರವನ್ನು ವಿಚಾರಿಸುವುದಿಲ್ಲ. ಆದರೆ ೧೯೭೦ರ ದಶಕದ ಕೊನೆಯಲ್ಲಿ ಮೆಟಲಾಕ್ಸಿಲ್ ಎಂಬ, ಗಿಡದೊಳಕ್ಕೆ ಇಳಿಯುವ ಔಷಧ ಬಂದ ಮೇಲೆ ಸ್ಥಿತಿ ಬೇರೆಯಾಯಿತು. ಅದು ಫೈಟಾಫ್ತೊರದ ಬಳಗವನ್ನು ಮಾತ್ರ ತಡೆಯುತ್ತದೆ. ಅಣಬೆಯ ಬಳಗಕ್ಕೆ ಅದರಿಂದ ಏನೂ ಆಗುವುದಿಲ್ಲ. ಹೆಕ್ಸಕೊನಜೋಲಿನಂಥವು ಇದಕ್ಕೆ ವಿಪರೀತ. ಅಡಕೆಯ ಕೊಳೆಗೆಂದು ತಂದದ್ದನ್ನು ಹೆಸರು ಒಂದೇ ಎಂದು ಕಾಫಿಗೆ ಹೊಡೆದವನ ಹಣ ಮಳೆಯಲ್ಲಿ ಕೊಚ್ಚಿಹೋಗುವುದು. ಶತಮಾನದ ಹಿಂದೆ ವಿದ್ವಾಂಸರ ಚರ್ಚೆಯಾಗಿದ್ದ ಗುರುತು ಹೀಗೆ ತೋಟದ ಲೆಕ್ಕದ ಪುಸ್ತಕಕ್ಕೆ ಇಳಿಯಿತು.

ಕಾಫಿಯ ಶಿಲೀಂಧ್ರದ ಹೆಸರಿನ ಕಥೆ ೧೯೧೮ಕ್ಕೆ ಮುಗಿಯಲಿಲ್ಲ. ೧೯೪೩ರಲ್ಲಿ ಅಮೆರಿಕೆಯ ಡಾನಲ್ಡ್ ರಾಜರ್ಸ್ ಕುಕ್ಕನ ಪೆಲ್ಲಿಕ್ಯುಲೇರಿಯವನ್ನು ಮತ್ತೆ ಎತ್ತಿ ಹಿಡಿದು, ಅದರ ಕೆಳಗೆ ಇನ್ನೂ ಅನೇಕ ಪ್ರಭೇದಗಳನ್ನು ತಂದನು. ಆಲೂಗೆಡ್ಡೆ, ಹತ್ತಿ, ಬತ್ತ ಮೊದಲಾದ ಎಷ್ಟೋ ಬೆಳೆಗಳನ್ನು ಕಾಡುವ ರೈಜೋಕ್ಟೋನಿಯ ಸೊಲಾನಿಯ ಬೀಜಾಣು ಬಿಡುವ ರೂಪವೂ ಅದರಲ್ಲಿ ಸೇರಿತು. ಮೈಸೂರಿನ ಒಂದು ಹಿಡಿ ಕಾಫಿ ಎಲೆಯ ಮೇಲೆ ನಿಂತ ಕುಲವು ಹೀಗೆ ಜಗತ್ತಿನ ಕೃಷಿಗ್ರಂಥಗಳನ್ನೆಲ್ಲ ಆಕ್ರಮಿಸಿತು. ಆ ಅಡಿಗಲ್ಲು ಸರಿಯಾಗಿದೆಯೇ ಎಂದು ಕೇಳಿದವನು ಜಾವಾದಲ್ಲಿ ಹುಟ್ಟಿ, ಬೊಗೋರಿನಲ್ಲಿ ಕೆಲಸಮಾಡಿ, ಅನಂತರ ಹಾಲೆಂಡಿನ ಲೈಡನ್ನಿಗೆ ಹೋದ ಮರಿನಸ್ ಆಂಟನ್ ಡಾಂಕ್ (೧೯೦೮–೧೯೭೨). ಒಂದು ಜೀವಿಯ ತಂತುಗಳನ್ನೂ ಮತ್ತೊಂದರ ಬೀಜಾಣುಗಳನ್ನೂ ಸೇರಿಸಿ ಬರೆದ ವರ್ಣನೆಯು ಯಾವ ಜೀವಿಯದೂ ಅಲ್ಲ; ಅಂಥ ವರ್ಣನೆಯ ಮೇಲೆ ನಿಂತ ಹೆಸರನ್ನು ಕೈಬಿಡಬೇಕು ಎಂಬುದು ಅವನ ವಾದ. ರಾಜರ್ಸನು ಸೇರಿಸಿದ್ದ ಪ್ರಭೇದಗಳನ್ನು ಅವನು ಬೇರೆ ಬೇರೆ ಕುಲಗಳಿಗೆ ಹಂಚಿದನು. ಕಾಫಿಯ ಶಿಲೀಂಧ್ರಕ್ಕೆ ೧೯೫೮ರಲ್ಲಿ ಹೊಸ ಕುಲವನ್ನೇ ಕಟ್ಟಿ ಕೊಲೆರೋಗ ನಾಕ್ಸಿಯ ಎಂದು ಕರೆದನು. ನಾಕ್ಸಿಯ ಎಂದರೆ ಹಾನಿಕರವಾದುದು. ಕುಕ್ಕನ ಹೆಸರನ್ನು ತಳ್ಳಿಹಾಕಿದವನೇ ಅದರೊಳಗಿನ ಕನ್ನಡದ ಮಾತನ್ನು ಮಾತ್ರ ಉಳಿಸಿಕೊಂಡು, ಪ್ರಭೇದದ ಮಟ್ಟದಿಂದ ಕುಲದ ಮಟ್ಟಕ್ಕೆ ಏರಿಸಿದುದು ಸೌಜನ್ಯವೆಂದೇ ಹೇಳಬೇಕು. ಕುಲಕ್ಕೂ ಪ್ರಭೇದಕ್ಕೂ ಒಂದೇ ಹೆಸರನ್ನಿಡಲು ಸಸ್ಯನಾಮಕರಣದ ನಿಯಮ ಒಪ್ಪುವುದಿಲ್ಲವಾದ್ದರಿಂದ, ಕುಲಕ್ಕೆ ಏರಿದ ಮಾತಿಗೆ ಬೇರೊಂದು ಜೊತೆ ಬೇಕೇ ಆಗಿತ್ತು.

ಆ ಗೌರವ ಹೆಚ್ಚು ಕಾಲ ನಿಲ್ಲಲಿಲ್ಲ. ೧೯೯೯ರಲ್ಲಿ ಕ್ಯೂ ಸಸ್ಯೋದ್ಯಾನದ ಪೀಟರ್ ರಾಬರ್ಟ್ಸ್ ಇದು ಪ್ರತ್ಯೇಕ ಕುಲಕ್ಕೆ ಅರ್ಹವಲ್ಲವೆಂದು ಸೆರಟೊಬೆಸಿಡಿಯಂ ಕುಲಕ್ಕೆ ಸೇರಿಸಿದನು. ೨೦೧೩ರಲ್ಲಿ ಜರ್ಮನಿಯ ಒಬರ್‌ವಿಂಕ್ಲರ್ ಮತ್ತು ಅವನ ಸಂಗಡಿಗರು ರೈಜೋಕ್ಟೋನಿಯಕ್ಕೆ ವರ್ಗಾಯಿಸಿದರು. ಎರಡು ಕಡೆಯೂ ಉಳಿದುಕೊಂಡದ್ದು ಡಾಂಕನ ಲ್ಯಾಟಿನ್ ವಿಶೇಷಣ. ಕನ್ನಡದ ಮಾತು ಪರ್ಯಾಯನಾಮಗಳ ಪಟ್ಟಿಗೆ ಸರಿಯಿತು. ಅಡಕೆಯ ಜೀವಿಯ ಗತಿಯೂ ಇದೇ ಬಗೆಯದು. ಕೋಲ್ಮನ್ನನ ಅರೆಕೆಯನ್ನು ಅನೇಕರು ಈಗ ಗೋದಾವರಿ ಸೀಮೆಯ ತಾಳೆಮರಗಳಿಂದ ಬಟ್ಲರ್ ೧೯೦೭ರಲ್ಲಿ ವರ್ಣಿಸಿದ ಪಾಮಿವೊರದೊಡನೆ ಒಂದಾಗಿ ಎಣಿಸುತ್ತಾರೆ. ಅನುವಂಶಿಕ ಧಾತುವನ್ನು ಓದಿ ಮಾಡಿದ ಈಚಿನ ಪರೀಕ್ಷೆಗಳು ಕರ್ನಾಟಕದ ತೋಟಗಳಲ್ಲಿ ಹೆಚ್ಚಾಗಿ ದೊರೆಯುವುದು ೧೯೧೮ರಲ್ಲಿ ಮೆಕ್‌ರೇ ರಬ್ಬರ್ ಮರದಿಂದ ವರ್ಣಿಸಿದ ಮೀಡಿಯೈ ಎಂಬ ಪ್ರಭೇದವೆಂದು ತೋರಿಸುತ್ತಿವೆ. ಬಾಳೆಹೊನ್ನೂರಿನಲ್ಲಿ ೧೯೨೫ರಲ್ಲಿ ಆರಂಭವಾದ ಕಾಫಿ ಸಂಶೋಧನಾಲಯವು ಇಂದು ಕಾಫಿ ಬೋರ್ಡಿನ ಕೇಂದ್ರಸಂಸ್ಥೆಯಾಗಿದೆ. ಬೋರ್ಡು ಬೆಳೆಗಾರರಿಗಾಗಿ ಹೊರಡಿಸುವ ಕೈಪಿಡಿಗಳಲ್ಲಿ ಕಪ್ಪು ಕೊಳೆಯ ಕಾರಣಜೀವಿಯ ಹೆಸರು ಮಾತ್ರ ಡಾಂಕನು ಇಟ್ಟಂತೆಯೇ ಬಂದಿದೆ: ಕೊಲೆರೋಗ ನಾಕ್ಸಿಯ.